ತೂಬಿನಾಚೆಯ ತಮ್ಮ

ಏಪ್ರಿಲ್ 11, ಬೆಳಿಗ್ಗೆ

ಇವತ್ತೂ ಬಕೆಟ್ಟಿನಲ್ಲೇ ನೀರು. ಹನ್ನೆರಡು ಸೇಬಿನ ಗಿಡಕ್ಕೆ ಹಾಕುವಷ್ಟರಲ್ಲಿ ಸೊಂಟ ಬಿತ್ತು. ಕಾಲುವೆ ಈ ವರ್ಷವೂ ಒಣ. ತೂಬು ಇರುವುದು ಸರಿಯಾಗಿ, ಜಾರ್ಜಿಯನ್ನರ ಈ ಕಡೆಗೂ ಒಸೆಟಿಯನ್ನರ ಆ ಕಡೆಗೂ ನಡುವೆ ಹಾಕಿದ ಮುಳ್ಳುತಂತಿ ಬೇಲಿಯ ಗೆರೆಯಲ್ಲೇ. ಗೇಟು ತುಕ್ಕು ಹಿಡಿದು ಕೂತಿದೆ. ರಿಪೇರಿಗೆ ಹೋದವರನ್ನು ಆ ಕಡೆಯ ಸೈನಿಕರು ಹಿಡಿದೊಯ್ಯುತ್ತಾರೆ. ಈ ಕಡೆಗೆ ನನ್ನ ಗಂಡ ನುಗ್ಜಾರ್ ನೀರುಗಂಟಿ. ಆ ಕಡೆಗೆ ನನ್ನ ತಮ್ಮ ಇನಾಲ್ ನೀರುಗಂಟಿ. ಇಬ್ಬರಿಗೂ ಕೆಲಸವಿಲ್ಲ.

ತವರು ನಡೆದರೆ ನಲವತ್ತು ನಿಮಿಷ. ಬೇಲಿ ಎದ್ದು ಹನ್ನೊಂದು ವರ್ಷ, ಹೋಗಿಲ್ಲ. ಮೊದಮೊದಲು ಫೋನಾದರೂ ಇತ್ತು. ಆಮೇಲೆ ಇನಾಲ್‌ನನ್ನು ಠಾಣೆಗೆ ಕರೆಸಿ, ಜಾರ್ಜಿಯನ್ನನ ಹೆಂಡತಿಯ ಹತ್ತಿರ ಏನು ಮಾತು ಎಂದು ಕೇಳಿದರಂತೆ. ಅಲ್ಲಿಗೆ ಅದೂ ನಿಂತಿತು. ನಾಲ್ಕು ವರ್ಷ… ಅಮ್ಮನಿಗೆ ಈಗ ಎಂಬತ್ತೆಂಟು.

ಏಪ್ರಿಲ್ 24

ಬೇಲಿಯ ಹತ್ತಿರದ ಟೆಂಟಿನಲ್ಲಿ ಸಭೆ ಆಯಿತು. ಎರಡೂ ಕಡೆಯ ಅಧಿಕಾರಿಗಳು, ನಡುವೆ ವಿದೇಶಿ ವೀಕ್ಷಕರು. ಯಾವಾಗಲೂ ಕಳೆದುಹೋದ ಹಸು, ಸಿಕ್ಕಿಬಿದ್ದ ಮನುಷ್ಯರ ಮಾತು. ಈ ಸಲ ನೀರಿನ ಮಾತಾಡಿ ಒಪ್ಪಿದ್ದಾರೆ. ಆಚೆಯಿಂದ ಮೂವರು, ಈಚೆಯಿಂದ ಮೂವರು, ಎರಡು ಗಂಟೆ ರಿಪೇರಿ. ಪಟ್ಟಿಯಲ್ಲಿ ನುಗ್ಜಾರ್. ಆ ಕಡೆಯ ಪಟ್ಟಿಯಲ್ಲಿ ಇನಾಲ್!

ಪಕ್ಕದ ಮನೆಯ ತ್ಸಿಯಾಲಾ ನಕ್ಕಳು. "ಶಾಂತಿ ಮಾತುಕತೆ ಅಂತೆ! ಇಷ್ಟು ವರ್ಷ ಕೂತು ಮಾತಾಡಿ ಒಂದು ಗೇಟಿನ ಬೋಲ್ಟಿಗೆ ಬಂದವ್ರೆ."

"ಬೋಲ್ಟಿಗಾದ್ರೂ ಬಂದ್ರಲ್ಲ ಬಿಡೆ."

ನಾನೂ ಬರುತ್ತೇನೆ ಎಂದೆ. ನುಗ್ಜಾರ್ ಬೇಡವೆಂದು ತಲೆಯಾಡಿಸಿದ. "ಪಟ್ಟೀಲಿಲ್ಲದೋರು ಹೋದ್ರೆ ಮುಂದಿನ ಸಲ ಯಾರನ್ನೂ ಬಿಡಲ್ಲ ಕಣೇ."

ಏಪ್ರಿಲ್ 29

ಬೆಳಿಗ್ಗೆ ಎದ್ದು ಬೀಟ್‌ರೂಟ್ ಸೊಪ್ಪು, ಚೀಸ್ ತುಂಬಿ ರೊಟ್ಟಿ ಸುಟ್ಟೆ. ಮೂರು. ನಮ್ಮ ಒಸೆಟಿಯನ್ನರಲ್ಲಿ ಶುಭಕ್ಕೆ ಮೂರು, ಸಾವಿನ ಮನೆಗೆ ಎರಡು. ಬಟ್ಟೆಯಲ್ಲಿ ಕಟ್ಟಿ ಕಳಿಸಿದೆ.

ಸಂಜೆ. ನುಗ್ಜಾರ್ ಬಂದ. ಶೂ ಕೂಡ ಬಿಚ್ಚದೆ ಗಂಟನ್ನು ಮೇಜಿನ ಮೇಲಿಟ್ಟ.

"ಏನಂದ ಇನಾಲ್?"

"ಸೈನಿಕರು ಸುತ್ತ ಕಿವಿ ಕೊಟ್ಕೊಂಡು ನಿಂತಿದ್ರು. ಗ್ರೀಸು, ಬೋಲ್ಟು. ಅಷ್ಟೇ ಮಾತು."

"ಅಮ್ಮ?"

"ರೊಟ್ಟೀಲಿ ಒಂದು ತಗೊಂಡ. ಉಳಿದಿದ್ದು ಅಕ್ಕನಿಗೆ ಕೊಡು ಭಾವ ಅಂದ."

ಗಂಟು ಬಿಚ್ಚಿದೆ. ಎರಡು ರೊಟ್ಟಿ.

ಮೇ 20

ಕಾಲುವೆಗೆ ನೀರು ಬಂದು ಮೂರು ವಾರ. ಬರೆಯಲು ಕೂತಿರಲಿಲ್ಲ. ಊರೆಲ್ಲ ಖುಷಿ. ನನಗೆ ಅದರಲ್ಲಿ ಕೈ ಅದ್ದಲೂ ಮನಸ್ಸಿಲ್ಲ.

ನಲವತ್ತನೆಯ ದಿನದ ಎಡೆ ಇಡಬೇಕು. ಯಾವತ್ತಿನಿಂದ ಎಣಿಸಲಿ? ಅಮ್ಮ ಹೋದದ್ದು ಚಳಿಗಾಲದಲ್ಲೋ, ಬೇಸಿಗೆಯಲ್ಲೋ…

ಜುಲೈ 8

ಗೇಟು ಮತ್ತೆ ಸಿಕ್ಕಿಹಾಕಿಕೊಂಡಿದೆ. ಮತ್ತೆ ಸಭೆ, ಮತ್ತೆ ಪಟ್ಟಿ. ನುಗ್ಜಾರ್ ಅಧಿಕಾರಿಗಳ ಮುಂದೆ ಸೊಂಟನೋವು ಎಂದು ನರಳಿದನಂತೆ, ಚಕ್ರ ತಿರುಗಿಸಲು ಸಹಾಯಕಿ ಬೇಕೆಂದನಂತೆ. ನನ್ನ ಹೆಸರು ಬರೆಸಿದ್ದಾನೆ! ಮನೆಯಲ್ಲೂ ಕುಂಟುತ್ತಿದ್ದಾನೆ.

"ಇಲ್ಲಿ ಯಾರು ನೋಡ್ತಾರೋ?"

"ಅಭ್ಯಾಸ ಇರ್ಲಿ."

ಜುಲೈ 12

ನೋಡಿದೆ. ತಮ್ಮನ ತಲೆ ಪೂರ್ತಿ ಬೆಳ್ಳಗಾಗಿದೆ. ಅಪ್ಪನ ಹಾಗೇ ನಿಲ್ಲುತ್ತಾನೆ. ನಡುವೆ ಗೇಟಿನ ಚಕ್ರ. ಇವತ್ತು ಆ ಕಡೆ ಕಾವಲಿಗಿದ್ದ ಸೈನಿಕರೆಲ್ಲ ರಷ್ಯನ್ನರು, ನಮ್ಮ ಭಾಷೆ ಬಾರದವರು.

"ಅಕ್ಕ, ಚಕ್ರ ತಿರುಗಿಸ್ತಾ ಮಾತಾಡು. ಅಳಬೇಡ, ನೋಡ್ತವ್ರೆ."

"ಯಾವಾಗ?"

"ಎರಡು ವರ್ಷ ಆಯ್ತು. ಫೆಬ್ರವರೀಲಿ."

"ನನ್ನ ಕೇಳಿದ್ಲಾ?"

ಅವನು ಬೋಲ್ಟು ಬಿಗಿದ. ಬಿಗಿದದ್ದನ್ನೇ ಮತ್ತೆ ಬಿಗಿದ.

"ಕೊನೇ ವಾರ ಬರೀ ಅದೇ. ವೆನೆರಾ ಬಂದ್ಲಾ, ವೆನೆರಾ ಬಂದ್ಲಾ… ಕಣ್ಣು ಹೋಗಿತ್ತಲ್ಲ. ನನ್ನ ಹೆಂಡ್ತಿ ಇಜೆಟಾ ತಡೀಲಾರದೆ ಪಕ್ಕ ಕೂತು, 'ಬಂದೆ ಅಮ್ಮ, ನಾನೇ ವೆನೆರಾ' ಅಂದ್ಬಿಟ್ಲು. ತಪ್ಪಾಯ್ತು ಅಕ್ಕ."

"ನಂಬಿದ್ಲಾ?"

"ಮೂರು ದಿನ ಕೈ ಬಿಡ್ಲಿಲ್ಲ. ನನ್ನ ಆಚೆ ಕಳಿಸಿ ಇಬ್ರೂ ಮಾತಾಡೋರು. ಏನು ಅಂತ ಇಜೆಟಾ ನನಗೂ ಹೇಳಿಲ್ಲ. ಅದು ಅಕ್ಕನಿಗೆ ಸೇರಿದ್ದು ಅಂತಾಳೆ."

ಸೀಟಿ ಊದಿದರು. ಗ್ರೀಸಿನ ಕೈಯಲ್ಲೇ ಅವನು ನನ್ನ ಬೆರಳು ಮುಟ್ಟಿದ. ಇನ್ನೂ ತೊಳೆದಿಲ್ಲ.

ಜುಲೈ 13

ಸಿಟ್ಟು. ನನ್ನ ಹೆಸರಲ್ಲಿ ನನ್ನಮ್ಮನ ಪಕ್ಕ ಕೂರಲು ಅವಳು ಯಾರು? ಮದುವೆಯಲ್ಲಿ ಒಮ್ಮೆ ನೋಡಿದ್ದು, ಆಮೇಲೆ ಹಬ್ಬಗಳಲ್ಲಿ. ನುಗ್ಜಾರ್‌ನ ಮೇಲೂ ರೇಗಿದೆ.

ಸಂಜೆ

ಅವಳು ಸುಮ್ಮನಿದ್ದಿದ್ದರೆ? ಅಮ್ಮ ಬಾಗಿಲ ಕಡೆಗೇ ಮುಖ ಮಾಡಿಕೊಂಡು… ಅಮ್ಮನ ಪಾಲಿಗೆ ನಾನು ಹೋಗಿದ್ದೆ. ನನ್ನ ಪಾಲಿಗೆ ಮಾತ್ರ ಹೋಗಿಲ್ಲ.

ಸೆಪ್ಟೆಂಬರ್ 30

ಹೂಳು ತೆಗೆಯಲು ಒಪ್ಪಿಗೆ. ಈ ಸಲ ಇಡೀ ದಿನ. ಐದೈದು ಜನ, ಜೊತೆಗೆ ಅಡಿಗೆಗೆ ಒಬ್ಬೊಬ್ಬರು. ನಮ್ಮ ಕಡೆಯಿಂದ ನಾನು. ಆ ಕಡೆಯ ಹೆಸರನ್ನು ನುಗ್ಜಾರ್ ಎರಡು ಸಲ ಓದಿದ. ಇಜೆಟಾ.

ತ್ಸಿಯಾಲಾ ಕೇಳಿದಳು, "ಇದೇ ಏನೇ ಶಾಂತಿ ಅಂದ್ರೆ? ಬೇಲಿ ಹಂಗೇ ಇದೆಯಲ್ಲ." ಇದೆ. ಕಿತ್ತು ಬಿಸಾಕುವ ದಿನ ನೋಡುತ್ತೇನೋ ಇಲ್ಲವೋ. ಸದ್ಯಕ್ಕೆ ಒಂದು ದಿನ ಕೊಟ್ಟಿದ್ದಾರೆ.

ಅಕ್ಟೋಬರ್ 3, ಬೆಳಿಗ್ಗೆ 6

ಮೋಡವಿಲ್ಲ. ಒಳ್ಳೆಯದು. ಮಳೆ ಬಂದರೆ ರದ್ದು ಮಾಡುತ್ತಾರೆ.

ಅವಳನ್ನು ಬೈಯುವುದಿಲ್ಲ. ಮೊದಲು ಪಾತ್ರೆ ಇಳಿಸಿ, ಒಲೆ ಹೊತ್ತಿಸಿ, ಆಲೂಗಡ್ಡೆ ಸುಲಿಯುತ್ತಾ ಅವಳ ಪಕ್ಕ ಕೂರುತ್ತೇನೆ. ಆಮೇಲೆ ಕೇಳುತ್ತೇನೆ: ಮೂರು ದಿನ ಅಮ್ಮ ನನಗೆ ಏನೇನು ಹೇಳಿದಳು? ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿಯೇ ಇರುತ್ತಾಳೆ. ಅದಕ್ಕೆ ನಾನು ಏನು ಹೇಳಿದೆ—

ಜೀಪು ಬಂತು. ನುಗ್ಜಾರ್ ಕೂಗುತ್ತಿದ್ದಾನೆ.