ಸೊನ್ನೆ ಕಿಲೋ ಕಸ

ರೀ,

ಮನೆಯಲ್ಲಿ ನೀವು ಗಮನವಿಟ್ಟು ಓದೋದು ಕಾರ್ಖಾನೆಯ ಪರಿಸರ ವರದಿ ಒಂದನ್ನೇ. ಅದಕ್ಕೇ ಈ ಕಾಗದವನ್ನು ಅದರೊಳಗೇ ಇಟ್ಟಿದ್ದೀನಿ.

ಎರಡು ತಿಂಗಳಿಂದ ಹಾಸಿಗೆ ಕಾರ್ಖಾನೆಯಿಂದ ಹೊರಗೆ ಹೋದ ಕಸ ಸೊನ್ನೆ ಕಿಲೋ ಅಂತ ಬರೆದಿದ್ದೀರಿ. ಸರಿಯೇ. ಗೇಟಿನಲ್ಲಿ ತೂಗೋದು ಲಾರಿಯನ್ನು, ನಿಮ್ಮ ಸ್ಕೂಟರನ್ನಲ್ಲವಲ್ಲ! ದಿನಕ್ಕೊಂದು ಮೂಟೆ ಹತ್ತಿಚೂರು ತಂದು ಅತ್ತೆಯ ಕೋಣೆಗೆ ತುಂಬಿದಿರಿ. "ಒಂದು ವಾರ ಸುಮ್ಮನಿರೇ, ತಪಾಸಣೆಯವರು ಬಂದು ಹೋಗಲಿ" ಅಂದಿರಿ. ಅವರು ಬಂದೂ ಹೋದರು, ನಿಮ್ಮನ್ನು ಹೊಗಳಿಯೂ ಹೋದರು. ಮೂಟೆ ಮಾತ್ರ ಬರ್ತಾನೇ ಇದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ನೀವೇ. ಬೆಳಿಗ್ಗೆ ಅತ್ತೆಯ ಬಾಚಣಿಗೆ ಹುಡುಕೋಕೆ ಏಳು ಮೂಟೆ ಕೆಳಗಿಳಿಸಿದೆ.

ಒಟ್ಟು ಐವತ್ತೆರಡು ಮೂಟೆ. ಪಕ್ಕದ ಮನೆಯವರ ತಕ್ಕಡಿ ತಂದು ಒಂದೊಂದನ್ನೂ ತೂಗಿದ್ದೀನಿ, ಚೀಟಿ ಇದರ ಜೊತೆಗಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಲಾರಿ ಕಳಿಸಿ. ವರದಿಯನ್ನೂ ತಿದ್ದಿ.

ಇನ್ನೊಂದು ವಿಷಯ. ಅತ್ತೆಯ ಕೆಮ್ಮು ನಿಲ್ಲಲೇ ಇಲ್ಲ ಅಂತ ಇವತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. "ಮನೆಯಲ್ಲಿ ಹತ್ತಿಯ ಧೂಳು ಏನಾದರೂ ಇದೆಯಾ?" ಅಂತ ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಅತ್ತೆ "ಇಲ್ಲವೇ ಇಲ್ಲ" ಅಂದರು. ನಾನು ನಿಜ ಹೇಳಿದೆ. ಮನೆ ಬಾಗಿಲಿಗೆ ಬಂದಮೇಲೆ ಅತ್ತೆ, ಕೆಮ್ಮುತ್ತಲೇ, "ನನ್ನ ಮಗನ ವರದಿ ಸುಳ್ಳು ಮಾಡಿಬಿಟ್ಟೆಯಲ್ಲೇ" ಅಂದರು.

ಇತಿ,
ನಿಮ್ಮ ಹೆಂಡತಿ