ಭಾವನಿಗೆ ಹೊಡೆದ ದಿನ

೧೭ ಮೇ ೧೯೬೪, ಭಾನುವಾರ. ಹೊನ್ನಾವರ.

ಭಾವನ ಹಲ್ಲು ತಾಗಿ ಬೆರಳ ಗೆಣ್ಣು ಒಡೆದಿದೆ. ನೆಂಟರೊಬ್ಬರ ಮದುವೆ ಚಪ್ಪರದಲ್ಲಿ, ಎಲ್ಲರೆದುರು, ಅಕ್ಕನ ಗಂಡನ ಬಾಯಿಗೇ ಗುದ್ದಿದೆ. ಅವನ ಬಿಳಿ ಶಲ್ಯದ ತುಂಬ ರಕ್ತ.

ನಾಗಾ ಬೆಟ್ಟದ ಶಾಲೆಯ ಕೆಲಸ ಬಿಟ್ಟು ಕುಮಟೆಯಲ್ಲೇ ಮಾಸ್ತರಿಕೆ ಮಾಡು ಎಂದು ಶುರುಮಾಡಿದ. ಅಷ್ಟನ್ನು ಸಹಿಸಿಕೊಂಡೆ. ಆಮೇಲೆ ಆ ಬೆಟ್ಟದ ಜನರನ್ನು ಹಂಗಿಸಿ ನಕ್ಕು, "ತಲೆ ಕಡಿಯವಕ್ಕೆ ಶಾಲೆ ಎಂತಕ್ಕೋ, ಸುಬ್ರಾಯಾ?" ಎಂದ.

ಅಬೇನಿ ಕಣ್ಣೆದುರು ಬಂದಳು. ಹನ್ನೊಂದು ವರ್ಷದವಳು, ನನ್ನ ಶಾಲೆಯ ಹುಡುಗಿ. ಮಾರ್ಚಿನಲ್ಲಿ ಬಂಡುಕೋರರಿಗೂ ಸೈನ್ಯಕ್ಕೂ ಕಾಳಗವಾದಾಗ ಅವಳು ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ಮಲಗಿ ಎಂದು ನಾನು ಕೂಗುವಷ್ಟರಲ್ಲಿ ಬಿದಿರಿನ ಗೋಡೆ ಸೀಳಿ ಬಂದ ಗುಂಡು ಅವಳ ಕುತ್ತಿಗೆ ಹೊಕ್ಕಿತು. ಅಂಗೈಯಿಂದ ಒತ್ತಿ ಹಿಡಿದೆ. ಬಿಸಿ ರಕ್ತ ಬೆರಳ ಸಂದಿಯಿಂದ ಚಿಮ್ಮುತ್ತಲೇ ಇತ್ತು. ಯಾರ ಕಡೆಯ ಗುಂಡು ಎಂದು ಯಾರೂ ಹೇಳಲಿಲ್ಲ. ಮಣ್ಣು ಮಾಡಿದ ಮರುದಿನ ಅವಳಪ್ಪ ಚಿಕ್ಕ ಮಗಳ ಕೈಹಿಡಿದು ಬಂದು, "ಇವಳಿಗೂ ಕಲಿಸಿ" ಎಂದಷ್ಟೇ ಹೇಳಿ ಹೋದ.

ಸಂಜೆ ಇದನ್ನೆಲ್ಲ ಆಯಿಗೆ ಹೇಳಿದೆ. ತನ್ನ ಅಳಿಯನ ಕಾಲು ಹಿಡಿ ಎನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದಳು.

"ನೀ ಇಲ್ಲಿದ್ರೆ ಆ ಸಣ್ಣ ಕೂಸಿಗೆ ಯಾರು ಕಲಿಸ್ತ, ತಮಾ?"

"ಯಾರೂ ಇಲ್ಲೆ, ಆಯಿ."

"ಹಂಗಾರೆ ಹೋಗು" ಎಂದು ಎದ್ದು ಒಳಗೆ ಹೋದಳು. ಅಲ್ಲಿ ಅವಳು ಅತ್ತದ್ದು ಕೇಳಿತು.

ರಜೆ ಇನ್ನೂ ಇದೆ, ಆದರೂ ಮಂಗಳವಾರ ಹೊರಡುತ್ತೇನೆ. ಅಕ್ಕನಿಗೆ ಮಾತ್ರ ಏನು ಹೇಳಿ ಹೊರಡಲಿ?