ಸತ್ತವಳ ಕೆಮ್ಮು

ಫ್ರೆಸ್ನೊ, ಕ್ಯಾಲಿಫೋರ್ನಿಯ

ಮಾನ್ಯ ಹ್ಯಾಲಿಗನ್ ಅವರಿಗೆ,

ಹೆಂಗಸರ ಜೈಲಿನ ಕಥೆಯ ನಮ್ಮ ಹಳೆಯ ಸಿನಿಮಾವನ್ನು ನೀವು ಡಿಸ್ಕಿನಲ್ಲಿ ಬಿಡುಗಡೆ ಮಾಡುತ್ತಿರುವುದು ತಿಳಿಯಿತು. ಹೊದಿಕೆಯ ಮೇಲೆ ಹರಿದ ಅಂಗಿಯ ನನ್ನ ಚಿತ್ರ ಹಾಕಲು ಒಪ್ಪಿಗೆ ಕೇಳಿದ್ದೀರಿ. ಹಾಕಿ. ಈಗ ನನ್ನನ್ನು ಗುರುತು ಹಿಡಿದು ನಾಚಿಕೆಪಡುವವರು ಯಾರೂ ಉಳಿದಿಲ್ಲ.

ಕೊನೆಯ ದೃಶ್ಯದ ಬಗ್ಗೆಯೂ ಕೇಳಿದ್ದೀರಿ. ಉಳಿದ ಕೈದಿಗಳೆಲ್ಲ ಗುಂಡೇಟಿಗೆ ಸತ್ತು ನಾನೊಬ್ಬಳೇ ಕೋಣೆಯಲ್ಲಿ ಅಳುವಾಗ ಯಾರೋ ಕೆಮ್ಮುವುದು ಕೇಳುತ್ತದೆ, ತೆಗೆದುಬಿಡೋಣವೇ ಎಂದು. ದಯವಿಟ್ಟು ತೆಗೆಯಬೇಡಿ.

ಅದು ವರ್ಲಿನ್, ನನ್ನ ಜೊತೆ ಕೈದಿಯ ಪಾತ್ರ ಮಾಡಿದವಳು. ಕಥೆಯಲ್ಲಿ ಅವಳು ಮೊದಲೇ ಸತ್ತಿದ್ದಳು. ಅವಳ ಕೆಲಸ ಮುಗಿದಿತ್ತು, ಚಿತ್ರೀಕರಣ ನಡೆದಿದ್ದ ಮನಿಲಾದಿಂದ ಮನೆಗೆ ವಿಮಾನ ಹತ್ತಬಹುದಿತ್ತು. ಆ ದೃಶ್ಯವನ್ನು ಒಬ್ಬಳೇ ನಟಿಸಲು ನನಗೆ ಭಯವೆಂದು ಉಳಿದುಕೊಂಡಳು. ಜ್ವರದಲ್ಲೇ ಕ್ಯಾಮೆರಾದ ಪಕ್ಕ ಕೂತು, "ಅಳು ಬರದಿದ್ರೆ ನನ್ ಮುಖ ನೋಡೇ ಹುಡುಗಿ, ತಾನಾಗೇ ಬರುತ್ತೆ" ಎಂದಳು. ಮೊದಲು ನಗು ಬಂತು. ಆಮೇಲೆ ಅಳುವೂ ಬಂತು.

ಅವಳ ಮಾತುಗಳಿಗೆಲ್ಲ ನಿರ್ಮಾಪಕರು ಆಮೇಲೆ ಬೇರೆ ಯಾರದೋ ದನಿ ಕೂಡಿಸಿದರು. ನನ್ನ ಅಳುವನ್ನು ಮಾತ್ರ ಅಲ್ಲೇ ಧ್ವನಿಮುದ್ರಿಸಿದ್ದರು. ಹಾಗಾಗಿ ಇಡೀ ಸಿನಿಮಾದಲ್ಲಿ ಅವಳದೇ ದನಿಯೆಂದರೆ ಆ ಕೆಮ್ಮು ಒಂದೇ. ನೋಡಿದವರು ತಪ್ಪು ಹಿಡಿದು ನಕ್ಕರೆ ನಗಲಿ, ಅವಳಾಗಿದ್ದರೂ ನಗುತ್ತಿದ್ದಳು.

ನೀವು ಹೇಳಿದ ಎರಡು ಪ್ರತಿ ಬೇಡ, ಒಂದು ಸಾಕು. ಇನ್ನೊಂದನ್ನು ಯಾರಿಗೆ ಕೊಡುತ್ತಿದ್ದೆನೋ ಅವಳು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಸಿನಿಮಾ ಪೂರ್ತಿ ನೋಡಲು ನನ್ನಿಂದ ಆಗದು. ಕೆಮ್ಮು ಎಷ್ಟನೇ ನಿಮಿಷಕ್ಕೆ ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ಇಂತಿ,
ಕಥೆಯಲ್ಲಿ ಸಾಯದೆ ಉಳಿದ ಕೈದಿ,
ಡೊರೊಥಿಯ ಪ್ರೂಯಿಟ್